ಖಾಲಾ ಬರೆಯುತ್ತಿದ್ದ ಸೇತುವೆ

ಕೋಲಾರದ ನಮ್ಮ ಮನೆಗೆ ಸುಣ್ಣ-ಬಣ್ಣ ಮಾಡಿಸುವಾಗ ಬೀರುವಿನ ಮೇಲಿದ್ದ ಹಳೆಯ ಸೂಟ್‌ಕೇಸನ್ನು ಇಳಿಸಬೇಕಾಯಿತು. ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಮದುವೆಯ ಸೀರೆಗಳ ಅಡಿಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿಟ್ಟಿದ್ದ ಒಂದು ಹಾಳೆ ಸಿಕ್ಕಿತು. ಬಿಡಿಸಿ ನೆಲದ ಮೇಲೆ ಹರಡಿದರೆ ಅದು ನಿಲ್ಲಲೊಲ್ಲದು, ಮತ್ತೆ ಮತ್ತೆ ಸುರುಳಿಯಾಗುತ್ತಿತ್ತು. ಕೊನೆಗೆ ಅಂಚಿನ ಮೇಲೆ ಕೈಗೆ ಸಿಕ್ಕಿದ ಪಾತ್ರೆಗಳನ್ನು ಇಟ್ಟು ನೋಡಿದೆ.

ಪೆನ್ಸಿಲಿನಲ್ಲಿ ಬರೆದ ಚಿತ್ರ. ಒಂದು ಕಲ್ಲು ಸೇತುವೆ, ಸಾಲಾಗಿ ಕಮಾನುಗಳು, ಒಂದು ತುದಿಯಲ್ಲಿ ಎತ್ತರದ ಹೆಬ್ಬಾಗಿಲು. ಆ ಬಾಗಿಲ ಕಡೆಯಿಂದ ಒಬ್ಬ ಹೆಂಗಸು ನಡೆದು ಬರುತ್ತಿದ್ದಾಳೆ. ಮುಖ ಪಕ್ಕಕ್ಕೆ ತಿರುಗಿದೆ, ಕೈಯಲ್ಲಿ ಒಂದೇ ಒಂದು ಚಪ್ಪಲಿ. ಹಾಳೆಯ ಹಿಂಬದಿಯಲ್ಲಿ ಯಾವುದೋ ವರ್ಷದ ಮೇ ತಿಂಗಳು, ಅಂಗಡಿಯವರು ಹಂಚುವ ಕ್ಯಾಲೆಂಡರು. ಬಣ್ಣ ಬಳಿಯುವವರು ಏಣಿ ಇಡಲು ಜಾಗ ಬಿಡಿ ಎಂದು ಕಾಯುತ್ತಿದ್ದರು. ನಾನು ಏಳಲಿಲ್ಲ...

ಅದನ್ನು ಬರೆದವರು ಮುಳಬಾಗಿಲಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ನನಗೂ ಖಾಲಾ ಆದರು.

ನನಗೆ ಆಗಷ್ಟೇ ಮುಳಬಾಗಿಲಿನ ಪ್ರೈಮರಿ ಸ್ಕೂಲಿನಲ್ಲಿ ಕೆಲಸ ಸಿಕ್ಕಿತ್ತು. ನನ್ನ ಊರು ಶ್ರೀನಿವಾಸಪುರ. ದಿನಾ ಬಸ್ಸಿನಲ್ಲಿ ಓಡಾಡುವುದು ಆಗದ ಮಾತೆಂದು ಅಪ್ಪನೇ ಬಂದು ಹುಡುಕಿ, ಖಾಲಾ ಮನೆಯ ಮಹಡಿ ಕೋಣೆ ಹಿಡಿದುಕೊಟ್ಟಿದ್ದರು. ಕೆಳಗೆ ಖಾಲಾ, ಅವರ ಮಗ, ಸೊಸೆ. ಖಾಲಾರ ಯಜಮಾನರು ಲಾರಿಗಳಿಗೆ ಬಣ್ಣ ಬಳಿದು ಚಿತ್ರ ಬರೆಯುತ್ತಿದ್ದವರು. ನಾನು ಹೋಗುವ ಹೊತ್ತಿಗೆ ತೀರಿಕೊಂಡಿದ್ದರು. ಹೈವೇ ಪಕ್ಕದ ಅದೇ ಶೆಡ್ಡಿನಲ್ಲಿ ಮಗ ಲಾರಿಗಳಿಗೆ ಸ್ಟಿಕರ್ ಅಂಟಿಸುತ್ತಿದ್ದ. ಖಾಲಾಗೆ ಅದು ಹಿಡಿಸುತ್ತಿರಲಿಲ್ಲ. ಒಂದು ಕಾಲಕ್ಕೆ ಗಿಣಿ, ಕಮಲ, ಹುಲಿ ಎಲ್ಲದಕ್ಕೂ ಮೊದಲು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಡುತ್ತಿದ್ದವರು ಅವರೇ. ಗಂಡ ಆಮೇಲೆ ಬಣ್ಣ ತುಂಬುತ್ತಿದ್ದರಂತೆ.

ಖಾಲಾ ಕೂತು ಚಹಾ ಕುಡಿದದ್ದನ್ನು ಆಗ ನಾನು ಒಮ್ಮೆಯೂ ನೋಡಿರಲಿಲ್ಲ. ಲೋಟ ಹಿಡಿದು ಅಡುಗೆಮನೆಯಿಂದ ಬೀದಿಬಾಗಿಲಿಗೆ ಬರುವರು, ಆಚೆ ಇಣುಕಿ ನೋಡುವರು, ಮತ್ತೆ ಒಳಗೆ. ಊಟದ ನಡುವೆ ಎದ್ದು ಹೋಗಿ ಕಿಟಕಿ ತೆರೆಯುವರು. ಸಂಜೆಯಾದರೆ ಬುರ್ಖಾ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಡುವರು. ಆಂಧ್ರದ ಕಡೆಯಿಂದ ಬರುವ ಬಸ್ಸುಗಳಿಂದ ಇಳಿಯುವವರನ್ನು ನೋಡುತ್ತಾ ನಿಂತಿರುವರು. ಯಾರಾದರೂ ಬರುವವರಿದ್ದಾರಾ ಎಂದು ಮೊದಮೊದಲು ಕೇಳಿದ್ದೆ. "ಯಾರೂ ಇಲ್ಲ ಟೀಚರಮ್ಮ. ಮನೇಲಿ ಉಸಿರು ಕಟ್ತದೆ" ಅಂದರು. ಅವರ ಮನೆಯಲ್ಲಿ ಗಾಳಿಗೆ ಕೊರತೆಯೇನೂ ಇರಲಿಲ್ಲ.

ಒಂದು ದಿನ ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು, "ಒಂದು ಪೆನ್ಸಿಲ್ ಇದ್ರೆ ಕೊಡಿ. ಕಪ್ಪು ಚೆನ್ನಾಗಿ ಬರೋದು" ಅಂದರು. ಮೊಮ್ಮಗುವಿಗಿರಬೇಕು ಎಂದುಕೊಳ್ಳಲು ಆಗ ಆ ಮನೆಯಲ್ಲಿ ಮಗುವೂ ಇರಲಿಲ್ಲ. ಕೊಟ್ಟೆ. ಮಾರನೆಯ ಭಾನುವಾರ ನೀರಿನ ಮೋಟಾರು ಹಾಕಿಸಲು ಕೆಳಗಿಳಿದಾಗ ನೋಡಿದೆ. ನಡುಮನೆಯ ಚಾಪೆಯ ಮೇಲೆ ಕ್ಯಾಲೆಂಡರಿನ ಹಾಳೆ ಬೆನ್ನು ಮೇಲಾಗಿ ಹರಡಿತ್ತು. ಖಾಲಾ ಮಂಡಿಯೂರಿ ಬಗ್ಗಿ ಬರೆಯುತ್ತಿದ್ದರು. ಆ ಭಂಗಿಯಲ್ಲಿ ಮಾತ್ರ ಅವರ ಕಾಲುಗಳು ಅಲುಗದೆ ಇದ್ದವು.

"ಯಾವ ಊರಿನ ಸೇತುವೆ ಖಾಲಾ ಇದು?"

"ಹೈದರಾಬಾದು. ಪುರಾನಾ ಪುಲ್ ಅಂತಾರೆ, ಹಳೇ ಸೇತುವೆ."

ಮಂಚದ ಕೆಳಗಿನಿಂದ ಎಳೆದು ಇನ್ನೂ ಕೆಲವನ್ನು ತೋರಿಸಿದರು. ಎಲ್ಲವೂ ಅದೇ ಸೇತುವೆ. ಒಂದರಲ್ಲಿ ಬಾಗಿಲು ಹತ್ತಿರ, ಇನ್ನೊಂದರಲ್ಲಿ ದೂರ. ಒಂದರಲ್ಲಿ ಕೆಳಗೆ ನೀರಿನಲ್ಲಿ ಎಮ್ಮೆಗಳು. ಜನ ಮಾತ್ರ ಯಾವುದರಲ್ಲೂ ಇಲ್ಲ. ಇಷ್ಟೊಂದು ಯಾಕೆ ಅದನ್ನೇ ಬರೆಯುತ್ತೀರಿ ಎಂದೆ.

"ಸರಿ ಬರ್ತಿಲ್ಲ. ಅದಕ್ಕೇ" ಅಂದು ಹಾಳೆಗಳನ್ನು ಸರಸರನೆ ಮಂಚದ ಕೆಳಗೆ ತಳ್ಳಿದರು.

ಅವರು ಪೂರ್ತಿ ಹೇಳಿದ್ದು ಮಳೆಗಾಲ ಕಳೆದ ಮೇಲೆ. ನನಗೆ ಜ್ವರ ಬಂದು ಸ್ಕೂಲಿಗೆ ರಜ ಹಾಕಿದ್ದೆ. ಖಾಲಾ ಗಂಜಿ ತಂದುಕೊಟ್ಟು, ನನ್ನ ಕೋಣೆಯ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಾ, ನನ್ನ ಮುಖ ನೋಡದೆ ಹೇಳಿದರು.

ಅವರಿಗಾಗ ಸ್ಕೂಲಿಗೆ ಸೇರುವ ವಯಸ್ಸೂ ಆಗಿರಲಿಲ್ಲ. ಅಮ್ಮನ ಕೈ ಹಿಡಿದು ಆ ಸೇತುವೆಯ ಮೇಲೆ ಹೋಗುತ್ತಿದ್ದರು. ಅಮ್ಮನ ಚಪ್ಪಲಿ ಕಿತ್ತುಹೋಯಿತು. ಸೀಬೆಹಣ್ಣು ಮಾರುವವಳೊಬ್ಬಳ ಬುಟ್ಟಿಯ ಪಕ್ಕ ಮಗಳನ್ನು ಕೂರಿಸಿ, "ಹೊಲಿಸ್ಕೊಂಡು ಬರ್ತೀನಿ, ಇಲ್ಲೇ ಇರು" ಎಂದು ಹೇಳಿ, ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ಹೆಬ್ಬಾಗಿಲ ಕಡೆ ನಡೆದಳು. ಅಷ್ಟೇ. ಕತ್ತಲಾಗುವ ಹೊತ್ತಿಗೆ ಆ ಹಣ್ಣಿನವಳು ಮಗುವನ್ನು ತನ್ನ ಗುಡಿಸಲಿಗೆ ಕರೆದುಕೊಂಡು ಹೋದಳು. ಪಕ್ಕದಲ್ಲೇ ಮುಳಬಾಗಿಲಿನಿಂದ ಹಾಸಿಗೆ ಹೊಲಿಯುವ ಕೆಲಸಕ್ಕೆಂದು ಹೋದ ಗಂಡ ಹೆಂಡತಿ ಇದ್ದರು. ಮಕ್ಕಳಿಲ್ಲದವರು. ಅವರು ದಿನಾ ಸೇತುವೆಗೆ ಕರೆದೊಯ್ದು ಮಗುವನ್ನು ಕೂರಿಸಿಕೊಂಡು ಕಾದರು. ಪೊಲೀಸ್ ಸ್ಟೇಷನ್ನಿಗೂ ಹೋಗಿ ಹೇಳಿದರು. ಯಾರೂ ಬರಲಿಲ್ಲ. ಕೆಲಸ ಮುಗಿದು ಊರಿಗೆ ಹೊರಟಾಗ ಮಗುವನ್ನೂ ಕರೆತಂದರು. ಸಾಕಿದರು, ಮದುವೆ ಮಾಡಿದರು.

"ಸಾಕಿದ ಅಬ್ಬಾ, ಅಮ್ಮಿ ಇಬ್ಬರೂ ನಂಗೆ ಏನೂ ಕಮ್ಮಿ ಮಾಡ್ಲಿಲ್ಲ" ಅಂದರು ಖಾಲಾ. "ಅದಲ್ಲ ನನ್ನ ಸಂಕಟ. ಬಿಟ್ಟು ಹೋದಳು ಅಂತ ಗೊತ್ತಾಗಿದ್ರೆ ಬೈದು ಸುಮ್ನಾಗ್ತಿದ್ದೆ."

"ಮತ್ತೆ?"

"ನಾನು ಕೂತ ಜಾಗದಲ್ಲೇ ಕೂತಿದ್ನಾ? ಬುಟ್ಟಿ ಪಕ್ಕ ಇದ್ದಿದ್ದು ನೆನಪಿದೆ. ಎಮ್ಮೆ ನೋಡ್ತಾ ಗೋಡೆ ಹತ್ರ ನಿಂತಿದ್ದೂ ನೆನಪಿದೆ. ಗೋಡೆ ಆ ಕಡೇದಾ, ಈ ಕಡೇದಾ? ಎಷ್ಟು ದೂರ ಹೋಗಿದ್ದೆ? ಅಷ್ಟರಲ್ಲಿ ಅವಳು ಬಂದು, ನೋಡಿ, ನಾನಿಲ್ಲ ಅಂತ ಬೇರೆ ಕಡೆ ಹುಡುಕೋಕೆ ಓಡಿದ್ರೆ?" ಕಿಟಕಿಯ ಸರಳು ಹಿಡಿದು ನಿಂತರು. "ಅವಳು ನನ್ನ ಬಿಟ್ಟಳಾ, ನಾನೇ ತಪ್ಪಿಸಿಕೊಂಡ್ನಾ... ಹೇಳಿ, ಇದನ್ನ ತಲೇಲಿಟ್ಕೊಂಡು ಹೆಂಗೆ ಕೂರೋದು?"

ನಾನು ಗಂಜಿ ಕುಡಿದೆ. ಅಂದಿನಿಂದ ಅವರು ಕೆಳಗೆ ಓಡಾಡುವ ಸದ್ದು ಕೇಳಿದಾಗಲೆಲ್ಲ ನಾನೂ ಮಹಡಿಯಲ್ಲಿ ಕೂರಲಾರದೆ ಎದ್ದು ಏನಾದರೂ ಕೆಲಸ ಹುಡುಕುತ್ತಿದ್ದೆ.

ಆ ವರ್ಷವೇ ಅವರ ಕಣ್ಣಿಗೆ ಪೊರೆ ಬರತೊಡಗಿತು. ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದರೂ ಖಾಲಾಗೆ ನಂಬಿಕೆ ಬರಲಿಲ್ಲ. ಕಣ್ಣಿಗೆ ಕತ್ತರಿ ಹಾಕಿಸುವ ಮೊದಲು ಒಂದು ಸಲ ಸೇತುವೆ ನೋಡಬೇಕೆಂದು ಹಟ ಹಿಡಿದರು. ಮಗ ಒಪ್ಪಲಿಲ್ಲ. ಒರಟನಲ್ಲ ಅವನು. ಅಮ್ಮನಿಗೆ ಬಿಸಿನೀರು ಕಾಯಿಸಿಕೊಡದೆ ಶೆಡ್ಡಿಗೆ ಹೋದವನಲ್ಲ. ಆದರೆ ಅಂದು ತಟ್ಟೆ ಸರಿಸಿ ಎದ್ದು, "ಅಲ್ಲಿ ಯಾರಿದ್ದಾರೆ ಅಮ್ಮಿ ನಿಂಗೆ? ನಾವೆಲ್ಲ ಇಲ್ಲೇ ಇದ್ದೀವಲ್ಲ, ನಾವು ಸಾಲ್ದಾ?" ಅಂದ. ಖಾಲಾ ಅವನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವನಿಗೆ ಅವರು ಅನಾಥೆಯೆಂದಷ್ಟೇ ಗೊತ್ತಿತ್ತು. ಚಪ್ಪಲಿಯ ವಿಷಯ, ಗೋಡೆಯ ವಿಷಯ ಗೊತ್ತಿರಲಿಲ್ಲ.

ಬೇಸಿಗೆ ರಜೆ ಬಂತು. ನಾನು ಕರೆದುಕೊಂಡು ಹೋಗಿ ಬರುತ್ತೇನೆ ಎಂದು ಮಗನಿಗೆ ಹೇಳಿದೆ. ಟೀಚರ್ ಜೊತೆಗೆ ಎಂದ ಮೇಲೆ ಅವನು ಬೇಡವೆನ್ನಲಾರದೆ ಬಸ್ಸಿನ ತನಕ ಬಂದು, ನನ್ನ ಕಿಟಕಿಯ ಬಳಿ ನಿಂತು, "ವಾಪಸ್ ಕರ್ಕೊಂಡು ಬನ್ನಿ ಟೀಚರ್" ಅಂದ. ಅಷ್ಟು ದೊಡ್ಡ ಆಳಿನ ದನಿ ಅಲ್ಲ ಅದು. ಬೆಂಗಳೂರಿಗೆ ಹೋಗಿ ಹೈದರಾಬಾದಿನ ಕಾಚಿಗುಡಕ್ಕೆ ಹೋಗುವ ರೈಲು ಹಿಡಿದೆವು. ಖಾಲಾ ಸೀಟಿನಲ್ಲಿ ಕೂತದ್ದಕ್ಕಿಂತ ಬಾಗಿಲ ಬಳಿ ನಿಂತದ್ದೇ ಹೆಚ್ಚು. ಪ್ರತಿ ಸ್ಟೇಷನ್ನಿನಲ್ಲೂ ಇದು ಯಾವ ಊರು ಎಂದು ಕೇಳಿದರು. ಹೇಳಿದರೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಸ್ಟೇಷನ್ನಿನಿಂದ ಆಟೋದಲ್ಲಿ ಹೋದೆವು. ಇಳಿದವರೇ ಖಾಲಾ ನನ್ನ ತೋಳು ಹಿಡಿದುಕೊಂಡರು. ಹೆಬ್ಬಾಗಿಲು ಇತ್ತು. ಕಲ್ಲು, ಕಮಾನು ಎಲ್ಲ ಇತ್ತು. ಆದರೆ ಸೇತುವೆ ಸೇತುವೆಯಾಗಿ ಕಾಣುತ್ತಿರಲಿಲ್ಲ. ಅದರ ಮೇಲೆಲ್ಲ ಸಂತೆ. ಟೊಮೇಟೊ, ಸೊಪ್ಪು, ನಿಂಬೆಹಣ್ಣಿನ ಗುಡ್ಡೆಗಳು, ತಳ್ಳುಗಾಡಿಗಳು, ಮೂಟೆ ಹೊತ್ತವರ ಕೂಗು, ಕಾಲಿಗೆ ಹತ್ತುವ ಕೊಳೆತ ಕೋಸಿನ ಎಲೆ. ನಡುವೆ ಒಬ್ಬರನ್ನೊಬ್ಬರು ಒತ್ತಿಕೊಂಡು ಜನ. ಖಾಲಾರ ಚಿತ್ರಗಳಲ್ಲಿ ಒಬ್ಬರೂ ಇಲ್ಲದ ಸೇತುವೆ ಇದೇನಾ ಎಂದು ದಂಗಾದೆ. ಅವರು ಮಾತ್ರ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು, ಬಂದರು, ಮತ್ತೆ ಹೋದರು. ಎಡಗಡೆಯ ಗೋಡೆ ಮುಟ್ಟಿದರು. ದಾರಿ ಅಡ್ಡಗಟ್ಟಿ ಬಲಗಡೆಯ ಗೋಡೆಗೆ ಹೋದರು. ತಳ್ಳುಗಾಡಿಯವನೊಬ್ಬ ಗದರಿದ. ನಾನು ಹಿಂದೆ ಹಿಂದೆ ಓಡಿ ಸುಸ್ತಾದೆ.

ಕೊನೆಗೆ ನಿಂತರು. "ಟೀಚರಮ್ಮ, ನೀವು ಬಾಗಿಲ ಹತ್ರ ಹೋಗಿ. ಸ್ವಲ್ಪ ಹೊತ್ತು ಅಲ್ಲೇ ಇದ್ದು ಆಮೇಲೆ ಬನ್ನಿ. ನಾನೆಲ್ಲಿ ಕೂತಿರ್ತೀನೋ ಹೇಳಲ್ಲ. ಹುಡುಕಿ."

"ಖಾಲಾ, ಇಷ್ಟು ಜನದಲ್ಲಿ ಹೆಂಗೆ..."

"ಅವಳೂ ಜನದಲ್ಲೇ ತಾನೆ ಬರ್ಬೇಕಿತ್ತು. ಹೋಗಿ."

ಹೋದೆ. ಹೆಬ್ಬಾಗಿಲ ನೆರಳಿನಲ್ಲಿ ನಿಂತು ನನಗೇ ನಾಚಿಕೆಯಾಯಿತು. ಕಣ್ಣಾಮುಚ್ಚಾಲೆ ಆಡಲು ಇಷ್ಟು ದೂರ ಬಂದೆವೇ ಎನಿಸಿತು. ಸ್ವಲ್ಪ ತಡೆದು ಹೊರಟೆ. ಮೊದಲ ಸುತ್ತು ನಿಧಾನವಾಗಿ ನೋಡುತ್ತಾ ಹೋದೆ. ಕಪ್ಪು ಬುರ್ಖಾದವರು ಎಲ್ಲೆಲ್ಲೂ ಇದ್ದರು. ಒಬ್ಬರ ಭುಜ ಮುಟ್ಟಿ, ಅವರು ತಿರುಗಿ ನೋಡಿದಾಗ ತಪ್ಪಾಯಿತೆಂದೆ. ಆ ತುದಿ ಮುಟ್ಟಿದರೂ ಖಾಲಾ ಸಿಗಲಿಲ್ಲ. ವಾಪಸು ಬರುವಾಗ ಹೆಜ್ಜೆ ತಾನಾಗಿ ಜೋರಾಯಿತು. ಎಲ್ಲಾದರೂ ತಲೆ ಸುತ್ತಿ ಬಿದ್ದಿದ್ದರೆ? ಯಾವುದೋ ಓಣಿಗೆ ನುಗ್ಗಿಬಿಟ್ಟಿದ್ದರೆ? ಅವರ ಹತ್ತಿರ ಫೋನಿಲ್ಲ, ಕಣ್ಣು ಸರಿಯಿಲ್ಲ. ಬಸ್ಸಿನ ಕಿಟಕಿಯ ಬಳಿ ಮಗ ಹೇಳಿದ ಮಾತು ನೆನಪಾಯಿತು. "ಖಾಲಾ, ಖಾಲಾ" ಎಂದು ಕೂಗುತ್ತಾ ಜನರನ್ನು ತಳ್ಳಿಕೊಂಡು ಓಡಿದೆ. ಆ ಸಂತೆಯಲ್ಲಿ ನನ್ನ ಕೂಗು ನನಗೇ ಕೇಳಿಸುತ್ತಿರಲಿಲ್ಲ. ನಿಂಬೆಹಣ್ಣಿನವಳೊಬ್ಬಳು ನನ್ನ ಮುಖ ನೋಡಿ, ಯಾರನ್ನು ಹುಡುಕುತ್ತಿದ್ದೀಯಮ್ಮ ಎಂದು ತೆಲುಗಿನಲ್ಲಿ ಕೇಳಿದಳು.

"ಮಾ ಅಮ್ಮ" ಅಂದೆ. ನಮ್ಮಮ್ಮ ಎಂದು ಹೇಗೆ ಬಾಯಿಗೆ ಬಂತೋ...

ಆಗಲೇ ಕೆಳಗಿನಿಂದ ಯಾರೋ ಸೆರಗು ಎಳೆದರು. ಈರುಳ್ಳಿ ಮೂಟೆಗಳ ಸಂದಿಯಲ್ಲಿ ಖಾಲಾ ನೆಲಕ್ಕೆ ಕುಕ್ಕರಿಸಿ ಕೂತಿದ್ದರು. ನನಗೆ ಕೋಪವೂ ಅಳುವೂ ಒಟ್ಟಿಗೆ ಬಂದವು.

"ಇಲ್ಲೇ ಕೂತು ನೋಡ್ತಿದ್ರಾ? ಒಂದು ಸಲ ಕೂಗಬಾರ್ದಾ ಖಾಲಾ? ಜೀವ ಹೋಗಿತ್ತು ನಂಗೆ."

"ಕೂಗ್ದೆ" ಅಂದರು. "ನನ್ನ ಮುಂದೇನೇ ಹೋದ್ರಿ. ಹೆಸರು ಹಿಡಿದು ಕೂಗ್ದೆ. ನಿಮಗೆ ಕೇಳ್ಲಿಲ್ಲ."

ನಾನು ಅಲ್ಲೇ ಅವರೆದುರು ಕೂತೆ. ಆ ಎತ್ತರದಿಂದ ನೋಡಿದರೆ ಬರೀ ಕಾಲುಗಳು. ಸೀರೆಯಂಚು, ಪಂಚೆ, ಗಾಡಿಯ ಚಕ್ರ. ಯಾರ ಮುಖವೂ ಕಾಣುತ್ತಿರಲಿಲ್ಲ. ಖಾಲಾ ನನ್ನ ಕೆನ್ನೆಯನ್ನು ಬುರ್ಖಾದ ತುದಿಯಿಂದ ಒರೆಸಿದರು. ತುಂಬ ಹುಡುಕಿದಿರಾ ಎಂದು ಕೇಳಿದರು. ತಲೆಯಾಡಿಸಿದೆ. ಹೆದರಿದಿರಾ ಎಂದರು. ಅದಕ್ಕೂ ತಲೆಯಾಡಿಸಿದೆ.

"ಹಂಗಾದ್ರೆ ಬಂದಿರಬಹುದು ಅವಳು" ಅಂದರು.

ಅಂದು ಸಂಜೆಯ ರೈಲಿನಲ್ಲಿ ಖಾಲಾ ನನ್ನ ಪಕ್ಕದಲ್ಲಿ ಕಾಲು ಮಡಚಿ ಕೂತು ಚಹಾ ಕುಡಿದರು. ಎಲ್ಲ ಸರಿಹೋಯಿತೆಂದುಕೊಂಡೆ. ಆದರೆ ಕೆಲವು ಸ್ಟೇಷನ್ ದಾಟಿದ ಮೇಲೆ ಲೋಟ ಕೆಳಗಿಟ್ಟು, "ಬರದೇನೂ ಇದ್ದಿರಬಹುದು, ಅಲ್ವಾ?" ಎಂದರು. ಎದ್ದು ಬಾಗಿಲ ಕಡೆ ನಡೆದರು. ನಾನೂ ಎದ್ದು ಹೋಗಿ ಪಕ್ಕದಲ್ಲಿ ನಿಂತೆ.

ಕಣ್ಣಿನ ಆಪರೇಷನ್ ಚೆನ್ನಾಗಿಯೇ ಆಯಿತು. ಖಾಲಾ ಬಸ್‌ಸ್ಟ್ಯಾಂಡಿಗೆ ಹೋಗುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಮಗ ಶೆಡ್ಡಿನಿಂದ ಬಂದಾಗ ಅವನ ತಟ್ಟೆಯ ಎದುರು ಬಂದು ಕೂರತೊಡಗಿದರು. ಮುಂದೆ ನನಗೆ ಮದುವೆ ಗೊತ್ತಾಗಿ ಮಾಲೂರಿನ ಕಡೆಗೆ ವರ್ಗವಾಯಿತು. ಸಾಮಾನು ಕಟ್ಟುತ್ತಿದ್ದ ದಿನ ಮೇಲೆ ಬಂದು ಸುತ್ತಿದ ಹಾಳೆಯೊಂದನ್ನು ಕೈಗಿಟ್ಟರು. ಬಿಡಿಸಿದೆ. ಮೊದಲ ಬಾರಿಗೆ ಸೇತುವೆಯ ಮೇಲೆ ಅವಳು ಬಂದಿದ್ದಳು, ಚಪ್ಪಲಿ ಹಿಡಿದುಕೊಂಡು. ನಾನು ಗೋಡೆಯಂಚಿನಲ್ಲೆಲ್ಲ ಹುಡುಕಿ, "ಮಗು ಎಲ್ಲಿ ಖಾಲಾ?" ಎಂದೆ.

"ಬೇಡ ಬಿಡಿ ಅದು. ಇವಳು ಸ್ವಲ್ಪ ಹುಡುಕ್ಲಿ."

ನಗುತ್ತಲೇ ಹೇಳಿದರು. ಆ ನಗುವಿನಲ್ಲಿ ಸಿಟ್ಟೂ ಇತ್ತು.

ಹಬ್ಬಕ್ಕೆ ಫೋನು, ಯಾವಾಗಲೋ ಒಮ್ಮೆ ಹೋಗಿ ಬರುವುದು. ಹೀಗೇ ವರ್ಷಗಳು ಸರಿದವು. ನನ್ನ ಮಗಳಿಗೆ ಅವರೇ ಹೊಲಿದ ಕುಲಾವಿ ಕಳಿಸಿದ್ದರು. ಖಾಲಾ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಫೋನ್ ಬದಲಾಯಿಸಿದಾಗ ಅವರ ಮನೆಯವರ ಹತ್ತಿರವಿದ್ದ ನನ್ನ ನಂಬರು ಕಳೆದುಹೋಗಿತ್ತಂತೆ. ಹೋದಾಗ ಚಾಪೆ ಇತ್ತು, ಮಂಚ ಇತ್ತು. ಮನೆ ಮಾತ್ರ ಒಬ್ಬರೂ ಓಡಾಡದೆ ಸ್ತಬ್ಧವಾಗಿತ್ತು. ಮಗನ ತಲೆಗೂದಲು ನೆರೆತಿತ್ತು. ಚಹಾ ತಂದಿಟ್ಟು, ಎದುರಿಗೆ ಕೂತು ಕೇಳಿದ.

"ಅಲ್ಲಿ ಏನಾಯ್ತು ಟೀಚರ್? ಹೈದರಾಬಾದಿಂದ ಬಂದ್ಮೇಲೆ ಅಮ್ಮಿ ನಮ್ಮ ಜೊತೆ ಕೂತು ಊಟ ಮಾಡೋರು. ಮುಂಚೆ ಒಂದು ದಿನಾನೂ ಊಟ ಮುಗಿಯೋವರೆಗೆ ಕೂತಿರ್ಲಿಲ್ಲ. ಕೇಳಿದ್ರೆ ಹೇಳ್ತಿರ್ಲಿಲ್ಲ."

ಹೇಳಿದೆ. ಚಪ್ಪಲಿ, ಸೀಬೆಹಣ್ಣಿನ ಬುಟ್ಟಿ, ಎಮ್ಮೆ, ಗೋಡೆ. ನಾನು ಕೂಗುತ್ತಾ ಓಡಿದ್ದನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೈಗೆ ಅಂಟಿದ್ದ ಸ್ಟಿಕರ್ ಗೋಂದನ್ನು ಉಗುರಿನಿಂದ ಕೆರೆಯುತ್ತಾ ಕೇಳಿಸಿಕೊಂಡ.

"ನಂಗೆ ಹೇಳಿದ್ರೆ ನಾನೇ ಹುಡುಕ್ತಿರ್ಲಿಲ್ವಾ" ಅಂದ. ಎದ್ದು ಹಿತ್ತಲಿಗೆ ಹೋದವನು ನಾನು ಹೊರಡುವ ತನಕ ಒಳಗೆ ಬರಲಿಲ್ಲ.

ಮೊನ್ನೆ ಶನಿವಾರ, ಅರ್ಧ ದಿನದ ಸ್ಕೂಲು ಮುಗಿಸಿ ಸ್ಟಾಫ್ ರೂಮಿನಲ್ಲಿ ಬ್ಯಾಗ್ ಎತ್ತಿಕೊಳ್ಳುತ್ತಿದ್ದೆ. ಖಾಲಾರ ಮಗನ ಫೋನ್ ಬಂತು. ಹಿಂದೆ ಭಾರೀ ಗದ್ದಲ.

"ಟೀಚರ್, ನಾನು ಸೇತುವೆ ಮೇಲಿದ್ದೀನಿ. ಮನೆಯವಳನ್ನೂ ಕರ್ಕೊಂಡು ಬಂದಿದ್ದೀನಿ. ಅಮ್ಮಿ ಯಾವ ಕಡೆ ಕೂತಿದ್ರು? ದೊಡ್ಡ ಬಾಗಿಲಿಗೆ ಬೆನ್ನು ಹಾಕಿದ್ರೆ ಎಡಕ್ಕಾ, ಬಲಕ್ಕಾ?"

ಹೇಳಲು ಬಾಯಿ ತೆರೆದೆ. ಈರುಳ್ಳಿ ಮೂಟೆ ನೆನಪಿತ್ತು. ಸೆರಗು ಎಳೆದ ಕೈ, ಕೆನ್ನೆ ಒರೆಸಿದ ಬಟ್ಟೆಯ ಒರಟು, ಎಲ್ಲ ನೆನಪಿತ್ತು. ಎಡಕ್ಕೆ ಎಂದುಕೊಂಡೆ. ಆದರೆ ಅದು ನಾನು ಹೋಗುವಾಗಿನ ಎಡವೋ, ವಾಪಸು ಬರುವಾಗಿನದೋ? ಖಾಲಾ ಒಬ್ಬರನ್ನೇ ಕೇಳಬಹುದಿತ್ತು...

"ನೆನಪಾಗ್ತಿಲ್ಲಪ್ಪ" ಅಂದೆ.

"ಪರವಾಗಿಲ್ಲ ಟೀಚರ್. ಎರಡೂ ಕಡೆ ನೋಡ್ತೀನಿ."

ಅವನು ಫೋನ್ ಕಟ್ ಮಾಡದೆ ಹಾಗೇ ಜೇಬಿಗೆ ಹಾಕಿಕೊಂಡ ಅಂತ ಕಾಣುತ್ತದೆ. ಬಟ್ಟೆ ಉಜ್ಜುವ ಸದ್ದು, ಅದರಾಚೆ ಸೊಪ್ಪಿನವರ ಕೂಗು, ಗಾಡಿಯ ಗಂಟೆ, ಯಾರೋ ಯಾರನ್ನೋ ಜರುಗಿ ಎನ್ನುತ್ತಿದ್ದರು. ಜವಾನ ಬಂದು ಕೋಣೆಗೆ ಬೀಗ ಹಾಕಬೇಕೆಂದು ಸನ್ನೆ ಮಾಡಿದ. ನಾನು ಕೈ ಎತ್ತಿ ತಡೆದು, ಇನ್ನೊಂದು ಕಿವಿ ಮುಚ್ಚಿಕೊಂಡು, ಆ ಗದ್ದಲದಲ್ಲಿ ಅವನು ನಡೆಯುವುದನ್ನು ಕೇಳುತ್ತಾ ನಿಂತೆ.